ಮರಗಸಿ ಮಾಡದ ಆಲ್ಬಮ್ಮು

2021ರ ಸೆಪ್ಟೆಂಬರ್ 3ರ ರಾತ್ರಿ ಇಂಜಿನಿಯರಿಂಗ್ ಗೆಳೆಯನಿಗೆ ನಾನು ಕಳಿಸಿದ ವಾಟ್ಸಾಪ್ ಮೆಸೇಜು ಇವತ್ತಿಗೂ ಫೋನಲ್ಲಿ ಹಾಗೇ ಇದೆ.

"ಮುಗೀತು ಕಣೋ. ಮುದುಕರಾಗ್ಬಿಟ್ರು."

ಎರಡು ನಿಮಿಷ ಬಿಟ್ಟು ಅವನ ಉತ್ತರ: "ಎಷ್ಟನೇ ಹಾಡಲ್ಲಿದ್ದೀಯ?"

"ನಾಲ್ಕು."

"ನಾನು ಮೂರಕ್ಕೇ ನಿಲ್ಲಿಸ್ದೆ."

ಹತ್ತು ಹಾಡಿನ ಆಲ್ಬಮ್ಮಿಗೆ ನಾವಿಬ್ಬರೂ ಸೇರಿ ನಾಲ್ಕನೇ ಹಾಡಿಗೇ ತಿಥಿ ಮಾಡಿ ಕೈ ತೊಳ್ಕೊಂಡಿದ್ದೆವು. ಆಲ್ಬಮ್ಮು ಯಾವುದು ಅಂದರೆ ಐರನ್ ಮೇಡನ್ ತಂಡದ 'ಸೆಂಜುತ್ಸು'. ಅವರ 17ನೇ ಸ್ಟುಡಿಯೋ ಆಲ್ಬಮ್. ಈಗ ಮೂರು ವರ್ಷದ ಮೇಲಾಯ್ತು. ಆ ಮೆಸೇಜು ಅರ್ಧ ಸರಿ, ಅರ್ಧ ತಪ್ಪು ಅಂತ ಈಗ ಅನ್ನಿಸ್ತಿದೆ. ಸರಿ ಇರೋ ಅರ್ಧಕ್ಕೂ ನಾನು ಕೊಟ್ಟ ಕಾರಣ ತಪ್ಪು. ಅದನ್ನ ಬಿಡಿಸಿ ಹೇಳೋಣ ಅಂತ ಈ ಬರಹ.

ಮೊದಲು ಸ್ವಲ್ಪ ಹಿನ್ನೆಲೆ. ಸಕಲೇಶಪುರಕ್ಕೂ ಆಲೂರಿಗೂ ನಡುವಿನ ಗುಡ್ಡದಲ್ಲಿ ನಮ್ಮೂರು. ಹೆವಿ ಮೆಟಲ್ ಅನ್ನೋ ಪದ ನಾನು ಮೊದಲು ಕೇಳಿದ್ದು ಕೆಮಿಸ್ಟ್ರಿ ಪುಸ್ತಕದಲ್ಲಿ, ಸೀಸ, ಪಾದರಸದ ಜೊತೆ. ಹಾಸನದ ಹಾಸ್ಟೆಲಿಗೆ ಸೇರಿದ ಮೇಲೆ ರೂಮ್‌ಮೇಟ್ ಒಬ್ಬನ ಕಂಪ್ಯೂಟರಿನಲ್ಲಿ ಒಂದು ಎಂಪಿತ್ರೀ ಸೀಡಿ ಇತ್ತು. ಅದರಲ್ಲಿ ಮೇಡನ್‌ನ ಇಪ್ಪತ್ತು ಇಪ್ಪತ್ತೈದು ಹಾಡು. ಅದರಲ್ಲೊಂದು 'ರನ್ ಟು ದ ಹಿಲ್ಸ್'. ಶನಿವಾರ ಮಧ್ಯಾಹ್ನ ನಾನು ಬ್ಯಾಗ್ ಹಾಕ್ಕೊಂಡು ಸಕಲೇಶಪುರದ ಬಸ್ಸಿಗೆ ಹೊರಟರೆ ಹಾಸ್ಟೆಲ್ ಹುಡುಗರು ಕಿಟಕಿಯಿಂದ ಅದನ್ನೇ ಕೂಗೋರು. ಹಾಡಿನ ವಿಷಯ ಅಮೆರಿಕದ ಮೂಲನಿವಾಸಿಗಳ ಮೇಲೆ ಬಿಳಿಯರು ಮಾಡಿದ ದಾಳಿ ಅಂತ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ನನಗೆ ಇಷ್ಟವಾಗಿದ್ದು ಆ ಬೇಸ್ ಗಿಟಾರಿನ ಓಟ. ಸ್ಟೀವ್ ಹ್ಯಾರಿಸ್ ಬೆರಳಲ್ಲೇ ನುಡಿಸ್ತಾನೆ, ಕುದುರೆ ದೌಡಾಯಿಸಿದ ಹಾಗೆ ಕೇಳಿಸುತ್ತೆ. ಅವನೇ 1975ರಲ್ಲಿ ಲಂಡನ್ನಿನ ಪೂರ್ವಭಾಗದಲ್ಲಿ ಈ ತಂಡ ಕಟ್ಟಿದವನು. ಇವತ್ತಿಗೂ ಯಜಮಾನ ಅವನೇ.

2007ರ ಮಾರ್ಚ್ 17, ಶನಿವಾರ. ಬೆಂಗಳೂರಿನ ಅರಮನೆ ಮೈದಾನ. ಐರನ್ ಮೇಡನ್ ಮೊದಲ ಸಲ ಇಂಡಿಯಾದಲ್ಲಿ ಹಾಡಿದ ದಿನ. ದೆಹಲಿಯ ಪರಿಕ್ರಮ ತಂಡ ಅವರಿಗಿಂತ ಮೊದಲು ನುಡಿಸಿತು. ಹಾಸನದಿಂದ ನಾವು ಐದು ಜನ ಕೆಂಪು ಬಸ್ಸಲ್ಲಿ ಹೋಗಿದ್ದೆವು, ಎಲ್ಲರದ್ದೂ ಕಪ್ಪು ಟೀ ಶರ್ಟು. ಮನೆಯಲ್ಲಿ ಹೇಳಿದ್ದು ಪ್ರಾಜೆಕ್ಟ್ ಕೆಲಸ ಅಂತ. ಅದೇ ರಾತ್ರಿ ವೆಸ್ಟ್ ಇಂಡೀಸ್‌ನಲ್ಲಿ ವಿಶ್ವಕಪ್ ಮ್ಯಾಚು, ಇಂಡಿಯಾ ಬಾಂಗ್ಲಾದೇಶದ ಎದುರು 191ಕ್ಕೆ ಆಲೌಟಾಗಿ ಸೋತಿತು. ನಮಗೆ ಅದರ ಖಬರೇ ಇರಲಿಲ್ಲ. 'ಫಿಯರ್ ಆಫ್ ದ ಡಾರ್ಕ್' ಶುರುವಾದಾಗ ಗಿಟಾರಿನ ರಾಗಕ್ಕೆ ಮಾತೇ ಇಲ್ಲದೆ ಇಡೀ ಮೈದಾನ ಹಾಡಿತಲ್ಲ, ಆಗ ನನಗೆ ಹತ್ತೊಂಬತ್ತು ವರ್ಷ. ಈಗಲೂ ಆ ಹಾಡು ಹಾಕಿದರೆ ಹತ್ತೊಂಬತ್ತೇ.

ಆದರೆ ಇನ್ನೊಂದು ಸತ್ಯವನ್ನೂ ಹೇಳಿಬಿಡ್ತೀನಿ. ಅವತ್ತು ಅವರು ಹಿಂದಿನ ವರ್ಷ ಬಂದಿದ್ದ 'ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್' ಆಲ್ಬಮ್ಮಿನ ಹಾಡುಗಳನ್ನೂ ಹಾಡಿದರು. ಆಗೆಲ್ಲ ನಾವು ನೀರು ಕುಡಿಯೋಕೆ ಹೋಗಿದ್ದೆವು. "ಹೊಸಾದು ಯಾರಿಗೆ ಬೇಕು ಗುರೂ, ಹಳೇದು ಹೊಡೀಲಿ" ಅಂದವನು ಇದೇ ಗೆಳೆಯ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಸೆಂಜುತ್ಸುಗೆ ಬರೋಣ. ಜಪಾನಿ ಪದ, ಯುದ್ಧತಂತ್ರ ಅಂತ ಅರ್ಥ. ಮುಖಪುಟದಲ್ಲಿ ಅವರ ಗೊಂಬೆ ಎಡ್ಡಿ ಸಮುರಾಯ್ ವೇಷ ಹಾಕಿದ್ದಾನೆ. ರೆಕಾರ್ಡ್ ಮಾಡಿದ್ದು 2019ರಲ್ಲೇ, ಪ್ಯಾರಿಸ್ಸಿನಲ್ಲಿ. ಕೊರೊನಾ ಬಂದು ಎರಡು ವರ್ಷ ಡಬ್ಬದಲ್ಲೇ ಕೂತಿತ್ತು. ಹತ್ತು ಹಾಡು, ಒಟ್ಟು 82 ನಿಮಿಷಕ್ಕೆ ಕೆಲವೇ ಸೆಕೆಂಡು ಕಮ್ಮಿ. ಬಿಡುಗಡೆಯಾದಾಗ ಹಾಡುಗಾರ ಬ್ರೂಸ್ ಡಿಕಿನ್ಸನ್‌ಗೆ 63, ಹ್ಯಾರಿಸ್‌ಗೆ 65, ಡ್ರಮ್ಮರ್ ನಿಕೋ ಮೆಕ್‌ಬ್ರೇನ್‌ಗೆ 69. ನಮ್ಮಪ್ಪನಿಗಿಂತ ಎರಡು ವರ್ಷ ದೊಡ್ಡವನು ನಿಕೋ. ಇನ್ನೊಂದು ವಿಷಯ: ಬ್ರೂಸ್‌ನ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಗಡ್ಡೆ ಇದ್ದದ್ದು ಗೊತ್ತಾಗಿದ್ದು 'ದ ಬುಕ್ ಆಫ್ ಸೋಲ್ಸ್' ರೆಕಾರ್ಡಿಂಗ್ ಮುಗಿದ ಮೇಲೆ. 2015ರಲ್ಲಿ ವಾಸಿಯಾಯ್ತು. ಅಂದರೆ ಚಿಕಿತ್ಸೆ ಆದಮೇಲಿನ ಗಂಟಲಲ್ಲಿ ಅವನು ಮೇಡನ್‌ಗೆ ಹಾಡಿದ ಮೊದಲ ಆಲ್ಬಮ್ ಇದು.

ಆವಾಗ ನಾನು ವರ್ಕ್ ಫ್ರಮ್ ಹೋಮ್ ಅಂತ ಊರಲ್ಲೇ ಇದ್ದೆ. ನೆಟ್‌ವರ್ಕ್ ಸಿಗೋದು ಮನೆ ಹಿಂದಿನ ದಿಬ್ಬ ಹತ್ತಿದರೆ. ಸಂಜೆ ಸ್ಟ್ಯಾಂಡಪ್ ಕಾಲ್ ಮುಗಿಸಿ, ಛತ್ರಿ ಹಿಡ್ಕೊಂಡು ಅಲ್ಲೇ ನಿಂತು ಹತ್ತೂ ಹಾಡು ಡೌನ್‌ಲೋಡ್ ಮಾಡಿಕೊಂಡೆ. ಇಯರ್‌ಫೋನ್ ಹಾಕ್ಕೊಂಡು ತೋಟದ ದಾರಿಯಲ್ಲಿ ನಡೀತಾ ಕೇಳೋಣ ಅಂತ ಆಸೆ. ಅಪ್ಪ ಬಿಡಲಿಲ್ಲ. "ಕಿವಿಗೆ ಅದನ್ನ ತುರುಕ್ಕಂಡು ತೋಟಕ್ಕೆ ಇಳೀಬೇಡ. ಮೂರು ಆನೆ ಐತಂತೆ ಈ ಕಡೆ, ಮೆಸೇಜ್ ಬಂದೈತೆ." ನಮ್ಮ ಸಕಲೇಶಪುರ ಆಲೂರು ಕಡೆ ಇದು ತಮಾಷೆಯಲ್ಲ. ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಕಳಿಸ್ತಾರೆ, ರಸ್ತೆ ಪಕ್ಕ ಬೋರ್ಡಲ್ಲಿ ಹಾಕ್ತಾರೆ. ಕೊಂಬೆ ಮುರಿದ ಸದ್ದು ಕೇಳಿಸಿಕೊಳ್ಳದವನು ಮನೆಗೆ ವಾಪಸ್ ಬರೋದು ಗ್ಯಾರಂಟಿ ಇಲ್ಲ. ಹಾಗಾಗಿ ರಾತ್ರಿ ಊಟ ಆದಮೇಲೆ ಜಗಲಿಯಲ್ಲಿ ಸಣ್ಣ ಬ್ಲೂಟೂತ್ ಸ್ಪೀಕರ್ ಇಟ್ಟು ಕೂತೆ. ಅಪ್ಪನೂ ಎಲೆ ಅಡಿಕೆ ತಟ್ಟೆ ಹಿಡ್ಕೊಂಡು ಬಂದು ಕೂತರು. ಎದ್ದು ಹೋಗಲೇ ಇಲ್ಲ.

ಮೊದಲ ಹಾಡು ಆಲ್ಬಮ್ಮಿನ ಹೆಸರಿನದೇ. ಶುರುವಲ್ಲೇ ನಿಕೋ ನಿಧಾನಕ್ಕೆ, ತೂಕವಾಗಿ ಹೊಡೀತಾನೆ. ಹಳೇ ಮೇಡನ್ ಥರ ಓಟವಿಲ್ಲ, ನಡಿಗೆ. ನನಗೆ ಅಲ್ಲೇ ನಿರಾಸೆ. ಅಪ್ಪ ಮಾತ್ರ "ಇದು ಪರ್ವಾಗಿಲ್ಲ, ಸುಗ್ಗೀಲಿ ದೇವ್ರು ಹೊರಟಂಗೈತೆ" ಅಂದರು. ನಾಲ್ಕನೇ ಹಾಡು 'ಲಾಸ್ಟ್ ಇನ್ ಎ ಲಾಸ್ಟ್ ವರ್ಲ್ಡ್' ಹೊತ್ತಿಗೆ ಅವರ ಮುಖ ಸೊಟ್ಟಗಾಯ್ತು. "ಯಾಕ್ಲಾ ಹಿಂಗೆ ಎಳೀತಾನೆ ಇವ್ನು? ಈ ವಯ್ಸಲ್ಲಿ ಅಷ್ಟೆತ್ತರಕ್ಕೆ ಯಾಕೆ ಹೋಗ್ಬೇಕು, ಒಂಚೂರು ಕೆಳಗಿಂದ ಹಾಡಿದ್ರೆ ಏನ್ ಕಳ್ಕತಾನೆ?"

ಆಗಲೇ ನಾನು ಆ ಮೆಸೇಜ್ ಕಳಿಸಿದ್ದು. ಆದರೆ ನೋಡಿ, ನಾನು ಹೇಳಿದ್ದಕ್ಕೂ ಅಪ್ಪ ಹೇಳಿದ್ದಕ್ಕೂ ವ್ಯತ್ಯಾಸ ಇದೆ. ನಾನಂದಿದ್ದು ಮುದುಕನಾದ ಅಂತ. ಅಪ್ಪ ಅಂದಿದ್ದು ಮುದುಕನಾಗಿದ್ದನ್ನ ಒಪ್ಪಿಕೊಂಡು ಹಾಡ್ತಿಲ್ಲ ಅಂತ. ಮೇಡನ್‌ನ ಒಂದು ಪದವೂ ಗೊತ್ತಿಲ್ಲದ ಅಪ್ಪನ ವಿಮರ್ಶೆಯೇ ಸರಿಯಾಗಿತ್ತು. ಇದನ್ನ ಹಾಡು ಬರೆದವರ ಹೆಸರು ನೋಡಿದರೇ ಗೊತ್ತಾಗುತ್ತೆ. ಹ್ಯಾರಿಸ್ ಒಬ್ಬನೇ ಬರೆದ ಹಾಡು ನಾಲ್ಕು: 'ಲಾಸ್ಟ್ ಇನ್ ಎ ಲಾಸ್ಟ್ ವರ್ಲ್ಡ್', 'ಡೆತ್ ಆಫ್ ದ ಕೆಲ್ಟ್ಸ್', 'ದ ಪಾರ್ಚ್‌ಮೆಂಟ್', 'ಹೆಲ್ ಆನ್ ಅರ್ತ್'. ನಾಲ್ಕಕ್ಕೇ ಹತ್ತಿರ ಹತ್ತಿರ 44 ನಿಮಿಷ. ಇವುಗಳಲ್ಲಿ ಬಹುಪಾಲು ಕಡೆ ಗಿಟಾರಿನ ರಾಗ ಎಲ್ಲಿ ಹೋಗುತ್ತೋ ಬ್ರೂಸ್ ಅದರ ಹಿಂದೇನೇ ಏಣಿ ಹತ್ತಬೇಕು, ಪದಗಳನ್ನ ಆ ರಾಗದೊಳಗೆ ಒತ್ತಿ ತುಂಬಬೇಕು. ಏದುಸಿರು ಕೇಳಿಸುತ್ತೆ. ಇನ್ನೊಂದು ಕಡೆ ಬ್ರೂಸ್, ಗಿಟಾರಿಸ್ಟ್ ಏಡ್ರಿಯನ್ ಸ್ಮಿತ್ ಇಬ್ಬರೂ ಸೇರಿ ಬರೆದ ಹಾಡು ಮೂರು: 'ದ ರೈಟಿಂಗ್ ಆನ್ ದ ವಾಲ್', 'ಡೇಸ್ ಆಫ್ ಫ್ಯೂಚರ್ ಪಾಸ್ಟ್', 'ಡಾರ್ಕೆಸ್ಟ್ ಅವರ್'. ಮೂರೂ ಸೇರಿ ಹದಿನೆಂಟು ನಿಮಿಷವೂ ಇಲ್ಲ. ಅದೇ ಮನುಷ್ಯ, ಅದೇ ಗಂಟಲು. ಆದರೆ ಇಲ್ಲಿ ಉಸಿರಾಡ್ತಾನೆ. 'ರೈಟಿಂಗ್ ಆನ್ ದ ವಾಲ್' ಶುರುವಾಗೋದು ಅಕೂಸ್ಟಿಕ್ ಗಿಟಾರಿನಲ್ಲಿ, ಅಮೆರಿಕದ ದಕ್ಷಿಣದ ಹಳ್ಳಿ ಸಂಗೀತದ ವಾಸನೆ ಇದೆ ಅದಕ್ಕೆ. ಒರಟು ದನಿ ಅದಕ್ಕೆ ಸರಿಯಾಗಿ ಕೂರುತ್ತೆ. ಸಮಸ್ಯೆ ದನಿಯಲ್ಲಿಲ್ಲ, ದನಿಗೆ ಕೊಟ್ಟ ಕೆಲಸದಲ್ಲಿದೆ.

ಇನ್ನು ಉದ್ದದ ದೂರು. ಕೊನೇ ಮೂರು ಹಾಡೇ 34 ನಿಮಿಷ. "ಅಷ್ಟು ಹೊತ್ತು ಯಾರು ಕೇಳ್ತಾರೆ" ಅಂತ ಎಲ್ಲರೂ ಕೇಳಿದ್ದಾರೆ. ಇದು ನ್ಯಾಯದ ಪ್ರಶ್ನೆ ಅಲ್ಲ. 1984ರ 'ರೈಮ್ ಆಫ್ ದ ಏನ್ಷಿಯೆಂಟ್ ಮ್ಯಾರಿನರ್' ಹದಿಮೂರು ಮುಕ್ಕಾಲು ನಿಮಿಷ ಇದೆ, ಅದನ್ನ ಹಾಸ್ಟೆಲಲ್ಲಿ ದೀಪ ಆರಿಸಿ ದಿನಾ ಕೇಳಿದವರು ನಾವೇ. ಆದರೆ ಆ ಹಾಡಲ್ಲಿ ಪ್ರತಿ ತಿರುವಿಗೂ ಕಥೆ ಮುಂದಕ್ಕೆ ಹೋಗುತ್ತೆ. ಮಧ್ಯದಲ್ಲಿ ಹಡಗು ನಿಂತಾಗ ಸಂಗೀತವೂ ನಿಲ್ಲುತ್ತೆ. 'ಡೆತ್ ಆಫ್ ದ ಕೆಲ್ಟ್ಸ್'ನಲ್ಲಿ ಹಾಗಿಲ್ಲ. ಅದೇ ಸಾಲು, ಗಿಟಾರ್ ಸೋಲೋ, ಮತ್ತೆ ಸೋಲೋ, ಮತ್ತೆ ಅದೇ ಸಾಲು. ಅದೂ ಸಾಲದು ಅಂತ 1998ರ 'ದ ಕ್ಲಾನ್ಸ್‌ಮನ್' ಹಾಡಿನ ತಮ್ಮನ ಹಾಗಿದೆ. ತಮ್ಮ ಇದ್ದರೆ ತಪ್ಪಿಲ್ಲ, ಅಣ್ಣನ ಅಂಗಿಯನ್ನೇ ಹಾಕ್ಕೊಂಡು ಬಂದರೆ ಕಷ್ಟ.

ಕಾಫಿ ತೋಟ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳ್ತೀನಿ. ನಮ್ಮಲ್ಲಿ ಕಾಫಿ ಬೆಳೆಯೋದು ದೊಡ್ಡ ಮರಗಳ ನೆರಳಲ್ಲಿ. ಮರ ಇಲ್ಲದಿದ್ದರೆ ಗಿಡ ಬಿಸಿಲಿಗೆ ಒಣಗುತ್ತೆ. ಆದರೆ ಮರವನ್ನ ಅದರ ಪಾಡಿಗೆ ಬಿಟ್ಟರೆ ನೆರಳು ದಟ್ಟವಾಗಿ, ಗಿಡಕ್ಕೆ ಬೆಳಕು ಸಿಗದೆ ಕಾಯಿ ಕಚ್ಚಲ್ಲ, ಮಳೆಗಾಲದಲ್ಲಿ ಕೊಳೆ ರೋಗ ಬರುತ್ತೆ. ಅದಕ್ಕೇ ಮಳೆ ಹಿಡಿಯೋ ಮೊದಲು ಆಳುಗಳು ಮರ ಹತ್ತಿ ಕೊಂಬೆ ಇಳಿಸ್ತಾರೆ. ಮರಗಸಿ ಅಂತೀವಿ ಇದಕ್ಕೆ. ಯಾವ ಕೊಂಬೆ ಬಿಡಬೇಕು, ಯಾವುದು ತೆಗೀಬೇಕು ಅಂತ ಕೆಳಗೆ ನಿಂತು ಹೇಳೋಕೆ ಒಬ್ಬ ಬೇಕು. ಮೇಲೆ ಕೂತವನಿಗೆ ಅದು ಕಾಣಲ್ಲ.

ಸೆಂಜುತ್ಸುವಿನಲ್ಲಿ ಕೆಳಗೆ ನಿಂತು ಹೇಳೋನು ಇಲ್ಲ. ಪ್ರೊಡ್ಯೂಸರ್ ಕೆವಿನ್ ಶರ್ಲಿ 2000ದ 'ಬ್ರೇವ್ ನ್ಯೂ ವರ್ಲ್ಡ್'ನಿಂದಲೂ ಇವರ ಜೊತೆ ಇದ್ದಾನೆ. ಆದರೆ ಪಕ್ಕದಲ್ಲಿ ಸಹ ಪ್ರೊಡ್ಯೂಸರ್ ಅಂತ ಸ್ವತಃ ಹ್ಯಾರಿಸ್ ಕೂತಿದ್ದಾನೆ. ಮರ ಹತ್ತಿದವನೂ ಅವನೇ, ಕೆಳಗೆ ನಿಂತವನೂ ಅವನೇ. ಮೂರು ಗಿಟಾರು, ಕೀಬೋರ್ಡು, ಬೇಸು ಎಲ್ಲ ಒಂದರ ಮೇಲೊಂದು ಬಿದ್ದು ಡ್ರಮ್ಮು ಎಲ್ಲೋ ಕಂಬಳಿ ಹೊದ್ದುಕೊಂಡ ಹಾಗೆ ಕೇಳಿಸುತ್ತೆ. ಇಪ್ಪತ್ತು ನಿಮಿಷದ ಕೊಂಬೆ ಇಳಿಸಿದ್ದರೆ ಇದು ದೊಡ್ಡ ಆಲ್ಬಮ್ ಆಗ್ತಿತ್ತು. ನಮ್ಮ ಫೀಲ್ಡಲ್ಲೂ ನೋಡಿರ್ತೀರಿ, ಸೀನಿಯರ್ ಬರೆದ ಕೋಡನ್ನ ರಿವ್ಯೂ ಮಾಡೋಕೆ ಯಾರಿಗೂ ಧೈರ್ಯ ಇರಲ್ಲ, ಎಲ್ಲರೂ ಅಪ್ರೂವ್ ಒತ್ತಿ ಮುಂದೆ ಹೋಗ್ತಾರೆ. ಹಾಗಾಗಿದೆ. ಇದು ವಯಸ್ಸಿನ ತಪ್ಪಲ್ಲ, ಎದುರು ಮಾತಾಡೋರು ಇಲ್ಲದ್ದರ ತಪ್ಪು. ನನ್ನ ಮೆಸೇಜಿನಲ್ಲಿ ಸರಿ ಇದ್ದ ಅರ್ಧ ಇಷ್ಟೇ.

ತಪ್ಪು ಇದ್ದ ಅರ್ಧ ಗೊತ್ತಾಗೋಕೆ ಹತ್ತನೇ ಹಾಡಿನವರೆಗೂ ಕೂರಬೇಕಾಗಿತ್ತು. ಅವತ್ತು ಕೂರಲಿಲ್ಲ. ಎರಡು ವಾರ ಬಿಟ್ಟು, ಕರೆಂಟ್ ಇಲ್ಲದ ಒಂದು ರಾತ್ರಿ ಬೇರೇನೂ ಮಾಡೋಕಿಲ್ಲ ಅಂತ 'ಹೆಲ್ ಆನ್ ಅರ್ತ್' ಹಾಕಿದೆ. ಎರಡು ನಿಮಿಷದ ಮೇಲೆ ಬರೀ ಮೆತ್ತನೆಯ ಗಿಟಾರು. ಆಮೇಲೆ ಬರುತ್ತೆ ನೋಡಿ ಆ ಕುದುರೆ ಓಟ. 1983ರ 'ದ ಟ್ರೂಪರ್'ನ ಕುದುರೆ ಗುಂಡಿನ ಕಡೆಗೆ ಓಡೋ ಕುದುರೆ, ಎದುರಿಗೆ ಏನಿದೆ ಅಂತ ಅದಕ್ಕೆ ಲೆಕ್ಕವಿಲ್ಲ. ಇಲ್ಲಿನ ಕುದುರೆ ಆ ಯುದ್ಧ ನೋಡಿಕೊಂಡು ಬಂದಿದೆ. ಯುದ್ಧದ ನಡುವೆ ಹುಟ್ಟೋ ಮಕ್ಕಳ ಬಗ್ಗೆ, ಸತ್ತ ಮೇಲಾದರೂ ಸಿಗಬಹುದಾದ ನೆಮ್ಮದಿ ಬಗ್ಗೆ ಹಾಡು. ಇದರಲ್ಲೂ ಬ್ರೂಸ್ ಎತ್ತರಕ್ಕೆ ಹೋಗ್ತಾನೆ, ಇದರಲ್ಲೂ ದನಿ ಸ್ವಲ್ಪ ಒಡೆಯುತ್ತೆ. ಆದರೆ ಹಾಡಿನ ಮಾತಿಗೆ ಆ ಒಡಕೇ ಬೇಕು. ಕೊನೆಯಲ್ಲಿ ಹಾಡು ಹೊಡೆದು ನಿಲ್ಲಲ್ಲ, ಶುರುವಾದ ಹಾಗೇ ಮೆತ್ತಗಾಗಿ ಆರಿಹೋಗುತ್ತೆ. ಇಪ್ಪತ್ತೈದು ವರ್ಷದ ಮೇಡನ್‌ಗೆ ಈ ಹಾಡು ಬರೆಯೋಕೆ ಆಗ್ತಿರಲಿಲ್ಲ. ಆಗ ಅವರಿಗೆ ಸಾವು ಅಂದರೆ ಟೀ ಶರ್ಟಿನ ಮೇಲಿನ ಚಿತ್ರ.

ಮೊದಲ ಹಾಡನ್ನೂ ಮತ್ತೆ ಕೇಳಿದೆ. ಅಪ್ಪ ಹೇಳಿದ್ದು ಸರಿ. ಅದು ಓಡೋಕಾಗದೆ ನಡೆದ ಹಾಡಲ್ಲ, ನಡೀಬೇಕು ಅಂತಲೇ ನಡೆದ ಹಾಡು.

ಗೆಳೆಯ ಒಪ್ಪಲ್ಲ. ಈಗ ಅವನು ಬೆಂಗಳೂರಲ್ಲಿ ಮ್ಯಾನೇಜರ್. ಮೊನ್ನೆ ಸಿಕ್ಕಾಗ ಅಂದ: "ನಿಲ್ಲಿಸಬೇಕಿತ್ತು ಕಣೋ. ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್‌ಗೇ ನಿಲ್ಲಿಸಿದ್ರೆ ಮರ್ಯಾದೆ ಇರ್ತಿತ್ತು. ಅದೇ ಲಾಸ್ಟ್ ಕ್ಲಾಸಿಕ್." ನನಗೆ ನಗು ತಡೆಯೋಕಾಗಲಿಲ್ಲ. ಯಾವ ಆಲ್ಬಮ್ಮಿನ ಹಾಡು ಬಂದಾಗ ಅರಮನೆ ಮೈದಾನದಲ್ಲಿ ನೀರು ಕುಡಿಯೋಕೆ ಹೋಗಿದ್ನೋ, ಅದೇ ಈಗ ಕ್ಲಾಸಿಕ್! ಆಲ್ಬಮ್ಮು ಬದಲಾಗಿಲ್ಲ. ನಮಗೆ ವಯಸ್ಸಾಗಿದೆ, ಅಷ್ಟೇ. ಬರೀ ಹಳೇ ಸದ್ದೇ ಬೇಕು ಅನ್ನೋರಿಗೆ ನಮ್ಮ ಬೆಂಗಳೂರಿನ ಕ್ರಿಪ್ಟೋಸ್ ಇದೆಯಲ್ಲ. 1998ರಲ್ಲಿ ಶುರುವಾದ ತಂಡ, ಎಂಬತ್ತರ ದಶಕದ ಹೆವಿ ಮೆಟಲ್ಲನ್ನ ಪ್ರೀತಿಯಿಂದ ನುಡಿಸುತ್ತೆ, 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲೂ ನುಡಿಸಿ ಬಂತು. ಆ ಕೆಲಸ ಮಾಡೋರು ಇದ್ದಾರೆ. ಮೇಡನ್ ತನ್ನದೇ ಯೌವನದ ಮಿಮಿಕ್ರಿ ಮಾಡಬೇಕಾಗಿಲ್ಲ.

ನಾನು ಗೆಳೆಯನನ್ನ ನೋಡಿ ನಕ್ಕೆ, ಆದರೆ ನಾನೂ ಅವನ ಥರದವನೇ. ಅದೇ 2021ರ ಮಳೆಗಾಲದಲ್ಲಿ ಅಪ್ಪ ಮನೆ ಮುಂದಿನ ಹಳೇ ಅರೇಬಿಕಾ ಕೀಳಿಸಿ ರೊಬಸ್ಟಾ ನೆಟ್ಟಿದ್ದರು. ಕಾಂಡಕೊರಕ ಬಿದ್ದು ಗಿಡ ಒಂದೊಂದೇ ಸಾಯ್ತಿತ್ತು. ನಾನು ಜಗಳವಾಡಿದ್ದೆ. ಚಿಕ್ಕೋನಿದ್ದಾಗ ಆ ಗಿಡಗಳ ಸಂದೀಲೇ ಆಡಿದ್ದು, ನಾನು ಬಂದಾಗೆಲ್ಲ ಅದು ಹಾಗೇ ಇರಬೇಕು ಅಂತ ನನ್ನ ಹಟ. ಅಪ್ಪ ಶಾಂತವಾಗೇ ಅಂದಿದ್ದರು: "ನೀನು ನೋಡಕ್ಕೆ ಬರೋದು ವರ್ಷಕ್ಕೆ ಎರಡು ಸಲ. ಗಿಡದ ಜೊತೆ ದಿನಾ ಇರೋನು ನಾನು ಕಣೋ."

ಆಗ ಆ ಮಾತು ಚುಚ್ಚಿತ್ತು. ಸೆಂಜುತ್ಸು ಕೇಳ್ತಾ ಕೇಳ್ತಾ ಅರ್ಥವಾಯ್ತು. ಊರು ಬಿಟ್ಟು ಬಂದ ನಾವು ಊರನ್ನ, ಅಪ್ಪ ಅಮ್ಮನನ್ನ, ಇಷ್ಟದ ಬ್ಯಾಂಡನ್ನ ಹತ್ತೊಂಬತ್ತನೇ ವಯಸ್ಸಲ್ಲಿ ಎಲ್ಲಿ ಬಿಟ್ಟು ಬಂದೆವೋ ಅಲ್ಲೇ ನಿಂತಿರಿ ಅಂತ ಕೇಳ್ತೀವಿ. ನಾವು ಮಾತ್ರ ಸಂಬಳ, ಫ್ಲ್ಯಾಟು, ಬೊಜ್ಜು ಎಲ್ಲ ಬೆಳೆಸಿಕೊಂಡು ಮುಂದಕ್ಕೆ ಹೋಗ್ತಾ ಇರ್ತೀವಿ. ಅವರು ಬದಲಾದರೆ ಮೋಸ ಹೋದವರ ಥರ ಆಡ್ತೀವಿ. ಆ ಹಾಡಿನ ಜೊತೆ ದಿನಾ ಇರೋನು ಹ್ಯಾರಿಸ್. ನಾನು ಆರು ವರ್ಷಕ್ಕೊಮ್ಮೆ ನೋಡೋಕೆ ಬರೋನು. ಹಾಗಂತ ಹ್ಯಾರಿಸ್ ಮಾಡಿದ್ದೆಲ್ಲ ಸರಿ ಅಂತ ಅಲ್ಲ. ಮರಗಸಿ ಮಾಡಿಲ್ಲ ಅಂತ ಬೈಯ್ಯೋ ಹಕ್ಕು ನನಗೆ ಖಂಡಿತ ಇದೆ. ಮರ ಯಾಕೆ ದೊಡ್ಡದಾಯ್ತು ಅಂತ ಬೈಯ್ಯೋ ಹಕ್ಕಿಲ್ಲ.

2023ರ ಜನವರಿಯಲ್ಲಿ ನಿಕೋಗೆ ಸ್ಟ್ರೋಕ್ ಆಯ್ತು. ಬಲಗೈ ಸ್ವಾಧೀನ ತಪ್ಪಿತ್ತು. ಆದರೂ ಅಭ್ಯಾಸ ಮಾಡಿ ಅದೇ ವರ್ಷ ಸ್ಟೇಜಿಗೆ ಬಂದು, ಸೆಂಜುತ್ಸುವಿನ ಹಾಡುಗಳನ್ನೂ ನುಡಿಸಿದ. 2024ರ ಡಿಸೆಂಬರ್ 7ಕ್ಕೆ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಕೊನೆಯ ಪ್ರದರ್ಶನ ಕೊಟ್ಟು ಪ್ರವಾಸಗಳಿಂದ ನಿವೃತ್ತನಾದ, 72ನೇ ವಯಸ್ಸಲ್ಲಿ. ಸುದ್ದಿ ಓದಿದ ದಿನ ಮತ್ತೆ ಆ ಮೊದಲ ಹಾಡು ಹಾಕಿದೆ. ನಾನು ನಿಧಾನ ಅಂತ ಗೊಣಗಿದ್ದ ಅದೇ ಹೊಡೆತ. ನಿಕೋ ಸ್ಟುಡಿಯೋದಲ್ಲಿ ಮೇಡನ್ ಜೊತೆ ಹೊಡೆದ ಕೊನೇ ಆಲ್ಬಮ್ ಇದೇ ಇರಬಹುದು ಅನ್ನೋ ಯೋಚನೆ ಬಂತು. ನಾಲ್ಕನೇ ಹಾಡಿಗೆ ತಿಥಿ ಮಾಡಿದ್ದಕ್ಕೆ ನಾಚಿಕೆಯಾಯ್ತು.

ನೀವು ಕೇಳೋದಾದರೆ ಒಂದು ಸಲಹೆ. 82 ನಿಮಿಷ ಒಟ್ಟಿಗೇ ಕೂರಬೇಡಿ, ಸೋಲ್ತೀರಿ. ಮರಗಸಿ ನೀವೇ ಮಾಡಿಕೊಳ್ಳಿ. ಮೊದಲು 'ಸೆಂಜುತ್ಸು', ಆಮೇಲೆ 'ದ ರೈಟಿಂಗ್ ಆನ್ ದ ವಾಲ್', 'ಡೇಸ್ ಆಫ್ ಫ್ಯೂಚರ್ ಪಾಸ್ಟ್', 'ಡಾರ್ಕೆಸ್ಟ್ ಅವರ್', ಕೊನೆಗೆ 'ಹೆಲ್ ಆನ್ ಅರ್ತ್'. ಐದು ಹಾಡು, ಮೂವತ್ತೇಳು ನಿಮಿಷ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗೆ ಸರಿಹೋಗುತ್ತೆ. ಇಷ್ಟವಾದರೆ 'ದ ಪಾರ್ಚ್‌ಮೆಂಟ್'ಗೆ ಒಂದು ಭಾನುವಾರ ಕೊಡಿ. 'ಡೆತ್ ಆಫ್ ದ ಕೆಲ್ಟ್ಸ್' ಬಿಟ್ಟರೂ ಪಾಪ ಬರಲ್ಲ.

ಅಪ್ಪನ ರೊಬಸ್ಟಾ ಈ ಸಲ ಮೊದಲ ಫಸಲು ಬಿಟ್ಟಿದೆ. ಹೋದ ವಾರ ಕೊಯ್ಲಿಗೆ ಊರಿಗೆ ಹೋಗಿದ್ದೆ. ಸಂಜೆ ಕಣದಲ್ಲಿ ಕಾಫಿ ಗುಡ್ಡೆ ಹಾಕಿ, ಟಾರ್ಪಲ್ ಹೊದಿಸಿ, ಜಗಲೀಲಿ ಸ್ಪೀಕರ್ ಇಟ್ಟೆ. ಡ್ರಮ್ ಶುರುವಾದ ತಕ್ಷಣ ಅಪ್ಪ ಕೇಳಿದರು:

"ಅದೇ ಅಲ್ವಾ, ದೇವ್ರು ಹೊರಡೋದು?"

ಹೌದು ಅಂದೆ.

"ಸೌಂಡ್ ಒಸಿ ಜಾಸ್ತಿ ಮಾಡು. ಆನೆ ಇದ್ರೂ ಹೊಯ್ತವೆ."